ಕೆಳಗಿನಿಂದ ಕತ್ತರಿಸಬಹುದಾದ ಕಥೆ

೧

ಹೇಗೆ ಶುರು ಮಾಡಲಿ?

ಮೊದಲ ಕರಡಿನಲ್ಲಿ ಕಿಟಕಿಯ ಹೊರಗೆ ಮಳೆ ಸುರಿಯುತ್ತಿತ್ತು. ಅಳಿಸಿದೆ. ಎರಡನೆಯದರಲ್ಲಿ ಒಬ್ಬ ಮಹಾನ್ ಕಾದಂಬರಿಕಾರರು ತೀರಿಕೊಂಡಿದ್ದರು, ಮನೆಯ ಮುಂದೆ ಜನ ಕಿಕ್ಕಿರಿದಿದ್ದರು. ಅದನ್ನೂ ಅಳಿಸಬೇಕಾಯಿತು, ಏಕೆಂದರೆ ಅವರ ಹೆಂಡತಿಗೆ ಸಿಟ್ಟು ಬಂತು. "ಒಳಗೆ ಕೂತು ಉಗುರು ಕತ್ತರಿಸ್ಕೊಳ್ತಾ ಇದ್ದಾರೆ, ಕಣ್ಣು ಕಾಣಲ್ವಾ ನಿಮಗೆ?" ಎಂದರು. (ಪಾತ್ರಗಳು ಹೀಗೆ ನಡುವೆ ಬಾಯಿ ಹಾಕುವುದು ಈ ಜಾತಿಯ ಕಥೆಗಳಲ್ಲಿ ಮಾಮೂಲು. ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.)

ಮೂರನೆಯ ಕರಡು ಸಾಹಿತ್ಯ ಮತ್ತು ಪತ್ರಿಕೋದ್ಯಮದ ಸಂಬಂಧವನ್ನು ಕುರಿತ ಗಂಭೀರ ಪೀಠಿಕೆಯೊಂದಿಗೆ ಆರಂಭವಾಗುತ್ತಿತ್ತು. ನನಗೆ ಅದು ಬಹಳ ಹಿಡಿಸಿತ್ತು. ಆದರೆ ಈ ಕಥೆಯ ನಾಯಕಿ ವೃತ್ತಿಯಿಂದ ಸಂಪಾದಕಿ. ಅವಳು ಪರದೆಯ ಒಳಗಿನಿಂದಲೇ ಅದನ್ನು ಓದಿ, "ಅಲ್ಲ ಮಹಾರಾಯ್ರೇ, ಇನ್ನೂ ಯಾರೂ ಬಾಗಿಲೇ ತೆರೆದಿಲ್ಲ, ಆಗಲೇ ಭಾಷಣ ಶುರುವಾಯ್ತಲ್ಲ" ಎಂದಳು. ನನ್ನ ಮುಖ ಸಪ್ಪಗಾಯಿತು. ಇರಲಿ, ಬಾಗಿಲು ತೆರೆಯೋಣ.

೨

ಬಾಗಿಲು ಒಂದು ಗ್ರಂಥಾಲಯದ ಹಿಂಬದಿಯ ಕೋಣೆಯದು. ಹಳೆಯ ದಿನಪತ್ರಿಕೆಗಳನ್ನು ತಿಂಗಳಿಗೊಂದರಂತೆ ರಟ್ಟು ಕಟ್ಟಿ ಅಲ್ಲಿ ಪೇರಿಸಿಟ್ಟಿದ್ದಾರೆ. ಹಾಳೆ ತಿರುಗಿಸಿದರೆ ಅಂಚು ಪುಡಿಯಾಗಿ ಮಡಿಲಿಗೆ ಬೀಳುತ್ತದೆ. ಫ್ಯಾನ್ ಹಾಕುವಂತಿಲ್ಲ, ಚರಿತ್ರೆ ಹಾರಿಹೋಗುತ್ತದೆ. ರಜೆ ಸಿಕ್ಕಾಗಲೆಲ್ಲ ನಮ್ಮ ಸಂಪಾದಕಿಯದು ಇಲ್ಲೇ ಠಿಕಾಣಿ. ಪ್ರಕಾಶನದ ಕಚೇರಿಯಲ್ಲಿ ಅವಳಿಗೆ 'ಇಲಿ' ಎಂದು ಹೆಸರು ಬಿದ್ದದ್ದು ಅದಕ್ಕೇ. ಅವಳಿಗೆ ಬೇಜಾರಿಲ್ಲ. ಇಲಿಗಳಷ್ಟು ಶ್ರದ್ಧೆಯಿಂದ ಪುಸ್ತಕಗಳನ್ನು ಒಳಗೆ ಇಳಿಸಿಕೊಂಡವರು ಇನ್ಯಾರಿದ್ದಾರೆ ಎಂದು ಅವಳೇ ನಗುತ್ತಾಳೆ.

ಕಾದಂಬರಿಕಾರರನ್ನು 'ದೊಡ್ಡವರು' ಎಂದು ಕರೆಯೋಣ. ಎಲ್ಲರೂ ಹಾಗೇ ಕರೆಯುತ್ತಾರೆ. ಇಟ್ಟಿಗೆಯಷ್ಟು ದಪ್ಪದ ಕಾದಂಬರಿಗಳು. ಓದದವರ ಮನೆಯಲ್ಲೂ ಇರುತ್ತವೆ. ಅವರ ಹೆಸರಿನಲ್ಲಿ ಒಂದು ರಸ್ತೆಯಿದೆ, ಅದರಲ್ಲಿ ಅವರೇ ಒಮ್ಮೆ ದಾರಿ ತಪ್ಪಿದ್ದರು. ಕೊನೆಯ ಕಾದಂಬರಿ ಮುಗಿದ ಮೇಲೆ ಅವರು ಪೆನ್ನಿನ ಟೋಪಿ ಮುಚ್ಚಿದವರು ಮತ್ತೆ ತೆಗೆದಿರಲಿಲ್ಲ. ಇದು ಎಲ್ಲರಿಗೂ ಗೊತ್ತಿದ್ದ ವಿಷಯ.

ಹೆಚ್ಚು ಜನಕ್ಕೆ ಗೊತ್ತಿಲ್ಲದ್ದು: ಹೆಸರು ಮಾಡುವುದಕ್ಕೆ ಮೊದಲು ಅವರು ಒಂದು ದಿನಪತ್ರಿಕೆಯಲ್ಲಿ ಉಪಸಂಪಾದಕರಾಗಿದ್ದರು. 'ಊರೊಳಗೆ' ಎಂಬ ಶೀರ್ಷಿಕೆಯ ಕೆಳಗೆ, ಅಡಿಯಲ್ಲಿ ಒಂದೇ ಒಂದು ಅಕ್ಷರದ ಸಹಿ ಹಾಕಿ, ಕೈಗೆ ಸಿಕ್ಕಿದ್ದರ ಬಗ್ಗೆಯೆಲ್ಲ ಬರೆಯುತ್ತಿದ್ದರು. ಜೀವನಚರಿತ್ರೆಕಾರರು ಇದಕ್ಕೆ ಕೊಟ್ಟಿರುವುದು ಅರ್ಧ ವಾಕ್ಯ: 'ಹೊಟ್ಟೆಪಾಡಿಗೆ ಕೆಲಕಾಲ ಪತ್ರಿಕೆಯಲ್ಲಿ ದುಡಿದು.'

ಇಲಿ ಹುಡುಕುತ್ತಿದ್ದದ್ದು ಬೇರೇನನ್ನೋ. ಯಾವುದೋ ಅಡಿಟಿಪ್ಪಣಿಗೆ ಬೇಕಾದ ಹಳೆಯ ವಿಮರ್ಶೆ. ಪುಟ ತಿರುಗಿಸುವಾಗ ಪಕ್ಕದ ಕಾಲಮ್ಮಿನಲ್ಲಿ ಒಬ್ಬ ದರ್ಜಿ ಸಿಕ್ಕಿದ. ಶಾಲೆಯ ಎದುರು ಸಮವಸ್ತ್ರ ಹೊಲಿಯುವವನು. ಮಕ್ಕಳು ಬೆಳೆಯುತ್ತಾರೆಂದು ಚಡ್ಡಿಯ ಅಂಚಿನಲ್ಲಿ ಹೆಚ್ಚು ಬಟ್ಟೆ ಬಿಟ್ಟು ಒಳಗೆ ಮಡಿಚಿ ಹೊಲಿಯುತ್ತಾನೆ. ಎಷ್ಟು ಬಿಡಬೇಕೆಂದು ಅವನಿಗೆ ಹೇಗೆ ಗೊತ್ತಾಗುತ್ತದೆ? ಲೇಖನದಲ್ಲಿ ಹೀಗಿತ್ತು: 'ಟೇಪನ್ನು ಕೊರಳಿಗೆ ಹಾಕಿಕೊಂಡು ದರ್ಜಿ ಹುಡುಗನ ಕಡೆ ನೋಡಲೇ ಇಲ್ಲ. ಜೊತೆಗೆ ಬಂದಿದ್ದ ಅಪ್ಪನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.'

ಲೇಖನ ಅಲ್ಲಿಗೆ ಮುಗಿದಿತ್ತು. ಅಡಿಯಲ್ಲಿ ಅದೇ ಒಂಟಿ ಅಕ್ಷರದ ಸಹಿ, ಅದರ ಕೆಳಗೆ ಕೂದಲೆಣ್ಣೆಯ ಜಾಹೀರಾತು.

ಇಲಿ ನಿಂತೇ ಓದಿದಳು, ನಿಂತೇ ಮತ್ತೊಮ್ಮೆ ಓದಿದಳು. ದಪ್ಪ ದಪ್ಪ ಕಾದಂಬರಿಗಳಲ್ಲಿ ಅಪ್ಪ ಮಕ್ಕಳ ಬಗ್ಗೆ ಪುಟಗಟ್ಟಲೆ ಓದಿ ತಲೆದೂಗಿದ್ದವಳು ಅವಳು. ಇಲ್ಲಿ ಒಂದು ನೋಟದಲ್ಲಿ ಅದೆಲ್ಲ ಬಂದು ಕೂತಿತ್ತು. ಎದುರಿಗೆ ಕೂತಿದ್ದ ಗ್ರಂಥಪಾಲಕರಿಗೆ ಹೇಳೋಣವೆಂದು ಬಾಯಿ ತೆರೆದಳು, ಬರೀ ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದಳು. ಅವರು ನೀರು ಬೇಕೇ ಎಂದು ಕೇಳಿದರು.

೨ (ಮತ್ತೆ)

ಇಲ್ಲಿ ನಾನು ಸ್ವಲ್ಪ ಮಧ್ಯಪ್ರವೇಶ ಮಾಡಲೇಬೇಕು. ಆ ದರ್ಜಿಯ ಸಾಲು ನಾನೇ ಬರೆದದ್ದು, ಇಲ್ಲದ ಕಾದಂಬರಿಕಾರರು ಬರೆಯಲಾರರಲ್ಲ. ಆದರೂ ಅದನ್ನು ಬರೆದಾದ ಮೇಲೆ ನನಗೇ ಒಂದು ಬಗೆಯ ಭಯಭಕ್ತಿ ಬಂತು. ನನ್ನ ಯಾವ ಕಥೆಯಲ್ಲೂ ಇಷ್ಟು ಚೆನ್ನಾದ ಸಾಲು ಇಲ್ಲ. ಅವರ ಹೆಸರಿನಲ್ಲಿ ಬರೆದಾಗ ಬಂತು, ನನ್ನ ಹೆಸರಿನಲ್ಲಿ ಕೂತರೆ ಬರುವುದಿಲ್ಲ. ಇದೇನು ಮಾಯೆಯೋ ತಿಳಿಯದು.

"ಮುಂದೆ ಹೋಗಿ" ಎಂದಳು ಇಲಿ.

೩

ಮುಂದೆ ಹೋದಳು ಅವಳು, ನಾನಲ್ಲ. ರಟ್ಟಿನಿಂದ ರಟ್ಟಿಗೆ, ತಿಂಗಳಿನಿಂದ ತಿಂಗಳಿಗೆ. ಬೀದಿದೀಪ ಆರಿಸುವವನ ಬಗ್ಗೆ ಒಂದು ಲೇಖನ ಸಿಕ್ಕಿತು: ಬೆಳಗಾದ ಮೇಲೆ ಒಂದೊಂದಾಗಿ ಎಲ್ಲ ದೀಪಗಳನ್ನೂ ಆರಿಸುತ್ತ ಬಂದವನು ಒಂದು ಮನೆಯ ಮುಂದಿನದನ್ನು ಆರಿಸದೆ ಬಿಟ್ಟು ಮುಂದೆ ಹೋಗುತ್ತಾನೆ. ಯಾಕೆ? ಲೇಖನ ಮುಗಿದಿದೆ. ನಗರಸಭೆಯ ಬಿರುಸಿನ ಚರ್ಚೆಯೊಂದರ ವರದಿ ಸಿಕ್ಕಿತು. ಅದರಲ್ಲಿ ಸದಸ್ಯರ ಒಂದು ಮಾತೂ ಇಲ್ಲ, ಸಭೆ ನಡೆಯುವಷ್ಟು ಹೊತ್ತು ಏಣಿ ಹತ್ತಿ ಫ್ಯಾನು ರಿಪೇರಿ ಮಾಡುತ್ತಿದ್ದವನಿಗೆ ಮೇಲಿನಿಂದ ಯಾರ ಯಾರ ನೆತ್ತಿ ಹೇಗೆ ಕಂಡಿತೆಂಬುದು ಮಾತ್ರ ಇದೆ. ಇಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಆಮೇಲೆ ಆಸ್ಪತ್ರೆಯ ಪಡಸಾಲೆ ಸಿಕ್ಕಿತು, ನಗು ನಿಂತಿತು.

ಆಸ್ಪತ್ರೆಯದು ಎಲ್ಲಕ್ಕಿಂತ ದೊಡ್ಡದು. (ಉದ್ದದಲ್ಲಲ್ಲ.) ಇಡೀ ಲೇಖನದಲ್ಲಿ ನಡೆಯುವುದು ಇಷ್ಟೇ: ಒಂದು ಬೆಂಚು, ಅದರ ಮೇಲೆ ಕಾಯುವ ಜನ, ಮುಚ್ಚಿದ ಬಾಗಿಲು. ಕೂತವರು ಎದ್ದರೆ ನಿಂತವರು ಕೂರುತ್ತಾರೆ. ಗುರುತಿಲ್ಲದವರು ಒಬ್ಬರಿಗೊಬ್ಬರು ಬೆಂಚನ್ನು ಬೆಚ್ಚಗೆ ಇಟ್ಟುಕೊಡುತ್ತಾರೆ. ಕೊನೆಯ ಸಾಲುಗಳು: 'ಒಳಗಿನಿಂದ ಒಂದು ಹೆಸರು ಕೇಳಿಸಿತು. ಇಬ್ಬರು ಎದ್ದು ನಿಂತರು.'

ಎಲ್ಲ ಲೇಖನಗಳೂ ಹೀಗೇ. ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟರೆ ಇರುವುದಿಲ್ಲವಲ್ಲ, ಹಾಗೆ ನಿಂತುಬಿಡುತ್ತವೆ. ಇಲಿಗೆ ಇದು ದೊಡ್ಡ ದರ್ಶನವಾಗಿ ಕಂಡಿತು. ಲೇಖನಗಳನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡಲು ಹೊರಟಳು. ಆ ಸಂಕಲನಕ್ಕೆ ಮುನ್ನುಡಿ ಬರೆದಳು, 'ನಿಲ್ಲುವ ಕಲೆ' ಎಂದು ಹೆಸರಿಟ್ಟಳು. 'ಇಬ್ಬರು ಎದ್ದು ನಿಂತರು' ಎಂಬ ಒಂದೇ ವಾಕ್ಯದ ಮೇಲೆ ಎರಡು ಪುಟ ಬರೆದಳು. ಮುಕ್ತಾಯವನ್ನು ನಿರಾಕರಿಸುವ ಆಧುನಿಕ ಮನಸ್ಸು, ಓದುಗನ ಮೇಲಿನ ವಿಶ್ವಾಸ, ಮೌನದ ರಾಜಕೀಯ, ಹೀಗೆ ಒಂದನ್ನೂ ಬಿಡಲಿಲ್ಲ.

ಪ್ರಕಾಶನದ ಯಜಮಾನರು ಮುನ್ನುಡಿ ಓದಿ ಮೇಜು ಕುಟ್ಟಿದರು. "ಪಾಠಕ್ಕೆ ಇಡ್ತಾರೆ ಇದನ್ನ. ಹೋಗು, ಒಪ್ಪಿಗೆ ಪತ್ರಕ್ಕೆ ದೊಡ್ಡವರ ಸಹಿ ಹಾಕಿಸ್ಕೊಂಡು ಬಾ" ಎಂದರು.

೪

ದೊಡ್ಡವರ ಮನೆ ಒಂದು ಕಟ್ಟಡದ ಮೊದಲ ಮಹಡಿಯಲ್ಲಿ. ಇಲಿ ಬಾಗಿಲ ಮುಂದೆ ನಿಂತು ಚಪ್ಪಲಿಯನ್ನು ಒಮ್ಮೆ ಎಡಕ್ಕೆ ಬಿಟ್ಟಳು, ಒಮ್ಮೆ ಬಲಕ್ಕೆ ಬಿಟ್ಟಳು. ಅಮ್ಮ (ದೊಡ್ಡವರ ಹೆಂಡತಿ, ಬಂದವರೆಲ್ಲ ಅವರನ್ನು ಹಾಗೇ ಕರೆಯುತ್ತಾರೆ) ಬಾಗಿಲು ತೆಗೆದು, "ಬಾಮ್ಮ, ಕೂತ್ಕೋ. ಇವರಿಗೆ ಮಾತಾಡೋಕೆ ಯಾರಾದ್ರೂ ಸಿಕ್ಕಿದ್ರೆ ಸಾಕು. ಬೆಳಿಗ್ಗೆಯಿಂದ ಕ್ಯಾಲೆಂಡರ್ ನೋಡ್ಕೊಂಡು ಕೂತಿದ್ದಾರೆ" ಎಂದರು.

ದೊಡ್ಡವರು ನಿಜಕ್ಕೂ ಕ್ಯಾಲೆಂಡರ್ ನೋಡುತ್ತಿದ್ದರು. ಸಣ್ಣ ಆಳು. ಅಷ್ಟು ದಪ್ಪ ಪುಸ್ತಕಗಳನ್ನು ಇಷ್ಟು ಸಣ್ಣ ಮನುಷ್ಯರು ಹೇಗೆ ಹೊತ್ತರೋ ಎಂದು ಅವಳಿಗೆ ಅನ್ನಿಸಿತು. ಲೇಖನಗಳನ್ನು ಒಂದೊಂದಾಗಿ ಓದಿ ಹೇಳಿದಳು. ಅವರು ಕಣ್ಣು ಮುಚ್ಚಿ ಕೇಳಿದರು.

"ಯಾರು ಬರೆದಿದ್ದಮ್ಮ ಇದು?"

"ನೀವೇ ಸರ್."

"ಪರವಾಗಿಲ್ವಲ್ಲ" ಎಂದರು. ಅವರ ದನಿಯಲ್ಲಿ ಸ್ವಲ್ಪ ಅಸೂಯೆಯಿತ್ತು.

ಆಮೇಲೆ ಮುನ್ನುಡಿ ಓದಿದಳು. 'ಮುಕ್ತಾಯವನ್ನು ನಿರಾಕರಿಸುವ' ಎಂಬಲ್ಲಿಗೆ ಬಂದಾಗ ದೊಡ್ಡವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಇಲಿ ಗಾಬರಿಯಾಗಿ ನಿಲ್ಲಿಸಿದಳು. ಅಳುತ್ತಿರಲಿಲ್ಲ.

"ನಿರಾಕರಿಸಿದ್ದು ನಾನಲ್ಲಮ್ಮಾ, ಕೂದಲೆಣ್ಣೆಯವನು!"

ನಕ್ಕು ಕಣ್ಣೊರೆಸಿಕೊಂಡು ವಿವರಿಸಿದರು. ಆಗ ಅಕ್ಷರದ ಮೊಳೆಗಳನ್ನು ಜೋಡಿಸಿ ಪುಟ ಕಟ್ಟುತ್ತಿದ್ದ ಕಾಲ. ಸಂಜೆ ಪುಟ ಕಟ್ಟುವವರು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಒಂದು ಮಾತೂ ಆಡುತ್ತಿರಲಿಲ್ಲ, ಹೆಬ್ಬೆರಳು ತೋರುಬೆರಳು ಬಿಡಿಸಿ ಹಿಡಿಯುತ್ತಿದ್ದರು. ಪುಟದಲ್ಲಿ ಅಷ್ಟು ಜಾಗ ಉಳಿದಿದೆ, ತುಂಬಿಕೊಡಿ ಎಂದು ಅರ್ಥ. ಇವರು ಬೆರಳುಗಳ ಅಗಲ ನೋಡಿ ಅಷ್ಟಕ್ಕೆ ಸರಿಯಾಗಿ ಬರೆದುಕೊಡುತ್ತಿದ್ದರು. ಅಷ್ಟರಲ್ಲಿ ಯಾವುದಾದರೂ ಜಾಹೀರಾತು ಓಡೋಡಿ ಬರುತ್ತಿತ್ತು. ಜಾಹೀರಾತನ್ನು ಬಿಡುವಂತಿಲ್ಲ. ಬರೆದದ್ದನ್ನು ಕೆಳಗಿನಿಂದ ಕತ್ತರಿಸುತ್ತಿದ್ದರು. ಮೇಲಿನಿಂದ ಯಾರೂ ಕತ್ತರಿಸುವುದಿಲ್ಲ, ಅದು ಪತ್ರಿಕೆಯ ಧರ್ಮ.

"ಹಾಗಾದ್ರೆ ಆ ಇಬ್ಬರು ಎದ್ದು ನಿಂತ ಮೇಲೆ?"

"ಒಬ್ಬ ಕೂತ್ಕೊಂಡ. ಅವನದ್ದು ಬೇರೆ ಹೆಸರು, ತಪ್ಪಾಗಿ ಕೇಳಿಸ್ಕೊಂಡಿದ್ದ. ಇನ್ನೂ ಏನೇನೋ ಇತ್ತು, ನೆನಪಿಲ್ಲ."

ಇಲಿಯ ಎರಡು ಪುಟ ಅಲ್ಲೇ ಕಂತಿಹೋಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವಳಿಗೆ. ಅದನ್ನು ಗಮನಿಸಿಯೋ ಏನೋ, ಅವರು ಮಾತು ಬದಲಿಸಿದರು. "ನಮ್ಮ ಸಂಪಾದಕರು ಬಹಳ ಸಂಭಾವಿತರು. 'ನೀನು ಬರೆದಿದ್ದು ಚೆನ್ನಾಗಿಲ್ಲ' ಅಂತ ಒಂದು ದಿನಾನೂ ಯಾರಿಗೂ ಅನ್ಲಿಲ್ಲ. ಚೆನ್ನಾಗಿಲ್ದೇ ಇದ್ರೆ ಹಾಳೆ ವಾಪಸ್ ಕೊಟ್ಟು 'ಜಾಗ ಇಲ್ಲ' ಅನ್ನೋರು. ನಿಜವಾಗ್ಲೂ ಜಾಗ ಇಲ್ದಿದ್ರೂ ಅದೇ ಮಾತು. ಯಾವುದು ಯಾವುದು ಅಂತ ನಮಗೆ ಅವರ ಮುಖ ನೋಡಿದ್ರೆ ಗೊತ್ತಾಗ್ತಿತ್ತು."

ಆಮೇಲೆ ಕ್ಯಾಲೆಂಡರ್ ನೋಡಿದರು. "ಕತ್ತರಿಸಿದ್ದನ್ನೆಲ್ಲ ಈಗ ಹೊಸದಾಗಿ ಬರೆದುಕೊಟ್ಟುಬಿಡ್ಲಾ?" ಎಂದು ಕೇಳಿದರು. ಮಗುವೊಂದು ಆಟಕ್ಕೆ ಕರೆಯುವ ಹಾಗೆ ಕೇಳಿದರು.

ಇಲಿ ಏನು ಹೇಳಬೇಕಿತ್ತು? ನೀವೇ ಹೇಳಿ. ದೊಡ್ಡವರು ಪೆನ್ನಿನ ಟೋಪಿ ತೆಗೆಯುತ್ತೇನೆ ಎನ್ನುತ್ತಿದ್ದಾರೆ. "ಬರೀರಿ ಸರ್" ಎಂದಳು. ಅವಳ ಕಾಲು ನೆಲದ ಮೇಲಿರಲಿಲ್ಲ.

೬

(ಐದನೆಯ ಭಾಗದಲ್ಲಿ ಇಲಿಯ ಬಾಲ್ಯ, ಅವಳ ತಂದೆಯೊಂದಿಗಿನ ಸಂಬಂಧ, ದರ್ಜಿಯ ಲೇಖನ ಅವಳನ್ನೇಕೆ ಅಷ್ಟು ಕಲಕಿತು ಎಂಬುದರ ಮನೋವಿಶ್ಲೇಷಣೆ ಇತ್ತು. "ನಮ್ಮಪ್ಪನ ಸುದ್ದಿಗೆ ಬರಬೇಡಿ" ಎಂದು ಅವಳು ಖಡಾಖಂಡಿತವಾಗಿ ಹೇಳಿದಳು. ತೆಗೆದಿದ್ದೇನೆ.)

ದೊಡ್ಡವರ ಮನೆಯಿಂದ ಅಮ್ಮನ ಫೋನ್ ಬಂತು. "ಏನು ಮಾಡಿದ್ಯಮ್ಮ ನೀನು ಇವರಿಗೆ? ಮೇಜಿನ ಮುಂದೆ ಕೂತವರು ಏಳೋದೇ ಇಲ್ಲ ಅಂತಾರೆ. ಊಟಕ್ಕೆ ಕರೆದ್ರೆ 'ಈ ಪ್ಯಾರಾ ಮುಗೀಲಿ' ಅಂತ ನನ್ನ ಮೇಲೆ ರೇಗ್ತಾರೆ. ರೇಗೋದು ಬಿಟ್ಟೇಬಿಟ್ಟಿದ್ರು ಕಣಮ್ಮ, ಎಷ್ಟು ವರ್ಷ ಆಯ್ತೋ!" ಅಷ್ಟು ಹೇಳಿ ಅವರು ಫೋನಿನಲ್ಲೇ ಅತ್ತರು. ಇಲಿಯೂ ಅತ್ತಳು.

ಯಜಮಾನರಿಗೆ ಈ ಸುದ್ದಿ ಗೊತ್ತಾದ ಕ್ಷಣದಿಂದ ಅವರು ಮನುಷ್ಯರಾಗಿ ಉಳಿಯಲಿಲ್ಲ. ದೊಡ್ಡವರ ಹೊಚ್ಚಹೊಸ ಬರಹ! ಹಳೆಯ ಲೇಖನಕ್ಕೆ ಹೊಸ ಮುಕ್ತಾಯ! ಮುಖಪುಟ ಬದಲಾಯಿಸಿದರು. ಒಪ್ಪಿಗೆಯ ಸಹಿ ಆಮೇಲೆ ಹಾಕಿಸಿದರಾಯಿತು, ಮೊದಲು ಮುಕ್ತಾಯಗಳು ಬರಲಿ ಎಂದರು.

ಮುಕ್ತಾಯಗಳು ಬಂದವು. ಹಳೆಯ ಲೇಖನಗಳ ಪ್ರತಿಯ ಕೆಳಗೇ ಬರೆದ, ನಡುಗುವ ಕೈಯ, ಆದರೂ ನೇರವಾದ ಸಾಲುಗಳು. ಇಲಿ ಕಚೇರಿಯ ಬಾಗಿಲು ಹಾಕಿಕೊಂಡು, ಕೈ ತೊಳೆದುಕೊಂಡು ಬಂದು ಓದಲು ಕೂತಳು.

ಆಸ್ಪತ್ರೆಯ ಪಡಸಾಲೆಯಲ್ಲಿ ಇಬ್ಬರು ಎದ್ದು ನಿಂತ ಮೇಲೆ ಹೀಗಿತ್ತು: 'ಆಹಾ! ಮಾನವ ಜೀವನವೇ ಒಂದು ಪಡಸಾಲೆಯಲ್ಲವೇ? ನಾವೆಲ್ಲರೂ ಕರೆಗಾಗಿ ಕಾದಿರುವ ಪಯಣಿಗರು. ಎದ್ದು ನಿಂತ ಇಬ್ಬರಲ್ಲಿ ಒಬ್ಬನು ಬದುಕು, ಮತ್ತೊಬ್ಬನು ಸಾವು ಎಂದು ಅಂದು ನನಗೆ ಹೊಳೆಯಿತು.' ದರ್ಜಿ ಅಪ್ಪನನ್ನು ನೋಡಿದ ಮೇಲೆ: 'ಆ ಒಳಮಡಿಕೆಯೇ ಭರವಸೆಯ ಸಂಕೇತ ಎಂಬುದನ್ನು ವಾಚಕರು ಗಮನಿಸಬೇಕು.' ಆರಿಸದೆ ಬಿಟ್ಟ ದೀಪದ ವಿಷಯಕ್ಕೆ ಹೋಗುವುದು ಬೇಡ. ಅದರಲ್ಲಿ 'ಜ್ಞಾನಜ್ಯೋತಿ' ಎಂಬ ಪದ ಬರುತ್ತದೆ.

ಇಲಿ ಹಾಳೆಗಳನ್ನು ಮೇಜಿನ ಮೇಲೆ ಮಗುಚಿಟ್ಟಳು. ಚೆನ್ನಾಗಿರಲಿಲ್ಲ. ಇನ್ನೊಮ್ಮೆ ಓದಿದರೆ ಚೆನ್ನಾಗಿರಬಹುದೆಂದು ಓದಿದಳು, ಇನ್ನೂ ಕೆಟ್ಟದಾಗಿತ್ತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ನೀನು ಯಾರು ಅವರ ಬರಹಕ್ಕೆ ಬೆಲೆ ಕಟ್ಟಲು ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಚೆನ್ನಾಗಿರಲಿಲ್ಲ.

ಇಲ್ಲಿ ನನಗೂ ಅವಳಿಗೂ ದೊಡ್ಡ ಜಗಳವೇ ಆಯಿತು. ನಾನು ಹೇಳಿದೆ: "ಬಿಡಿ, ಆ ಮುಕ್ತಾಯಗಳನ್ನ ನಾನು ಚೆನ್ನಾಗಿ ಬರೆದುಬಿಡ್ತೀನಿ. ಅವರು ಬರೆದದ್ದೆಲ್ಲ ಅದ್ಭುತವಾಗಿತ್ತು ಅಂತ ಇಟ್ಕೊಳ್ಳೋಣ. ಪುಸ್ತಕ ಬರುತ್ತೆ, ಎಲ್ಲರಿಗೂ ಖುಷಿ, ಕಥೆ ಸಲೀಸಾಗುತ್ತೆ."

"ಸಲೀಸಾಗೋದಾದ್ರೆ ನೀವ್ಯಾಕೆ ಬೇಕು?" ಎಂದಳು. "ಅವರು ಕೆಟ್ಟದಾಗಿ ಬರೆದ್ರೂ ಅವರೇ ಬರೆದಿದ್ದು. ಅದನ್ನ ನೀವು ತಿದ್ದೋ ಹಾಗಿಲ್ಲ."

ನನಗೆ ಅವಳ ಮೇಲೆ ಗೌರವ ಹುಟ್ಟಿತು. ಮುಕ್ತಾಯಗಳನ್ನು ಇದ್ದ ಹಾಗೇ ಬಿಟ್ಟೆ.

೭

ಹಾಗಾಗಿ ಇಲಿ ಈಗ ಇರುವ ಜಾಗ ಇದು. ಆ ಮುಕ್ತಾಯಗಳೊಂದಿಗೆ ಪುಸ್ತಕ ಬಂದರೆ, ಅವಳು ಜೀವ ತೇದು ಹುಡುಕಿದ ಲೇಖನಗಳ ಕತ್ತು ಅವಳೇ ಹಿಸುಕಿದಂತೆ. ಬೇಡವೆಂದು ಹೇಳಿದರೆ, ಮೇಜಿಗೆ ಮರಳಿದ ದೊಡ್ಡವರು ಮತ್ತೆ ಕ್ಯಾಲೆಂಡರಿನ ಮುಂದೆ ಕೂರುತ್ತಾರೆ. ಈ ವಯಸ್ಸಿನಲ್ಲಿ ಟೋಪಿ ಮುಚ್ಚಿದರೆ ಇನ್ನು ತೆಗೆಯುವುದಿಲ್ಲ. ಅಮ್ಮನಿಗೆ ಮುಖ ತೋರಿಸುವುದು ಹೇಗೆ? ಮೇಲಾಗಿ ಸಹಿಯೂ ಆಗಿಲ್ಲ. ಅವರು ಮುನಿಸಿಕೊಂಡರೆ ದರ್ಜಿ, ದೀಪದವನು, ಪಡಸಾಲೆ ಎಲ್ಲರೂ ರಟ್ಟಿನೊಳಗೆ ಪುಡಿಯಾಗುತ್ತಾರೆ.

ನಾನು ಮೂರು ದಾರಿ ಕೊಟ್ಟೆ, ಆರಿಸಿಕೊಳ್ಳಲಿ ಎಂದು.

ಅ) ಇಲಿ ಸತ್ಯ ಹೇಳುತ್ತಾಳೆ. ದೊಡ್ಡವರು ಕಣ್ತುಂಬಿಕೊಂಡು "ಇಷ್ಟು ದಿನಕ್ಕೆ ಒಬ್ಬಳು ನಿಜವಾದ ಓದುಗಾರ್ತಿ ಸಿಕ್ಕಳು" ಎಂದು ತಲೆ ನೇವರಿಸುತ್ತಾರೆ. (ಇಲಿ ಮೂಗು ಮುರಿದಳು. "ಸಿನಿಮಾ ಮಾಡ್ತೀರಾ?" ಎಂದಳು.)

ಆ) ಇಲಿ ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ. ಪುಸ್ತಕ ಬರುತ್ತದೆ, ಪ್ರಶಸ್ತಿ ಬರುತ್ತದೆ, 'ಒಳಮಡಿಕೆಯೇ ಭರವಸೆಯ ಸಂಕೇತ' ಎಂಬುದು ಶಾಲೆಗಳ ಗೋಡೆಯ ಮೇಲೆ ಬರುತ್ತದೆ. (ಇದನ್ನು ಕೇಳಿ ಅವಳು ಮಗುಚಿಟ್ಟ ಹಾಳೆಗಳ ಅಂಚನ್ನು ಬೆರಳಿನಿಂದ ಸವರುತ್ತ ಕೂತಳು.)

ಇ) ಮುದ್ರಣದ ಎಡವಟ್ಟಿನಿಂದ ಮುಕ್ತಾಯಗಳೆಲ್ಲ ಬಿಟ್ಟುಹೋಗುತ್ತವೆ. ತಪ್ಪು ಯಾರ ತಲೆಗೂ ಬರುವುದಿಲ್ಲ. (ಇದನ್ನು ಸೂಚಿಸಿದ್ದಕ್ಕೆ ನನಗೇ ನಾಚಿಕೆಯಾಯಿತು.)

ಇಲಿ ಮೂರನ್ನೂ ಬದಿಗೆ ಸರಿಸಿ, ಹಾಳೆಗಳನ್ನು ಎತ್ತಿಕೊಂಡು ಎದ್ದಳು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಬಾಗಿಲು ದಾಟಿದ್ದಳು. ಅಲ್ಲಿಂದ ಮುಂದೆ ನಾನು ಅವಳ ಹಿಂದೆ ಹೋದದ್ದು ಅಷ್ಟೇ.

೮

ಅಮ್ಮ ಬಾಗಿಲು ತೆಗೆದರು. ಮುಖದಲ್ಲಿ ಕಳೆಯಿತ್ತು. "ಒಳಗೇ ಇದ್ದಾರೆ, ಇನ್ನೊಂದನ್ನ ತಿದ್ತಾ ಇದ್ದಾರೆ" ಎಂದು ಪಿಸುಗುಟ್ಟಿದರು, ಮನೆಯಲ್ಲಿ ಹಸುಗೂಸು ಮಲಗಿದ್ದರೆ ಹೇಳುವ ಹಾಗೆ. ಕೋಣೆಯ ಮೂಲೆಯ ಕುರ್ಚಿಯಲ್ಲಿ ಅವರೂ ಬಂದು ಕೂತು, ಅಂಗಿಯೊಂದರ ಕಿತ್ತುಬಂದ ಗುಂಡಿಯನ್ನು ಹೊಲಿಯುತ್ತ ಉಳಿದರು. ಎಷ್ಟೋ ವರ್ಷಗಳ ನಂತರ ಗಂಡನ ಮೇಜಿನ ಬಳಿ ಅವರಿಗೆ ಕೂರುವ ಕಾರಣ ಸಿಕ್ಕಿತ್ತು.

ದೊಡ್ಡವರು ಕನ್ನಡಕವನ್ನು ಹಣೆಗೆ ಏರಿಸಿ ನೋಡಿದರು. "ಓದಿದ್ಯಾ?"

"ಓದ್ದೆ ಸರ್."

"ಹೇಗಿದೆ?"

ಇಲಿ ದಾರಿಯುದ್ದಕ್ಕೂ ಉತ್ತರ ಕಟ್ಟಿಕೊಂಡು ಬಂದಿದ್ದಳು. ಪ್ರಬುದ್ಧ ಶೈಲಿ, ಬೇರೆ ಕಾಲದ ಭಾಷೆ, ಎರಡರ ನಡುವಿನ ಅಂತರ, ಹೀಗೆ ಮೆತ್ತಗಿನ ಮಾತುಗಳು ಸಾಲಾಗಿ ನಿಂತಿದ್ದವು. ಅವಳು ಅಮ್ಮನ ಕಡೆ ನೋಡಿದಳು. ಸೂಜಿ ನಿಂತಿತ್ತು. ಆಮೇಲೆ ಹಾಳೆಗಳನ್ನು ಮೇಜಿನ ಮೇಲೆ, ಅವರ ಕೈಗೆ ಎಟಕುವ ಹಾಗೆ ಇಟ್ಟು, ನೆಲ ನೋಡುತ್ತ ಹೇಳಿದಳು:

"ಜಾಗ ಇಲ್ಲ, ಸರ್."

ಪುಸ್ತಕದಲ್ಲಿ ಜಾಗ ಇಲ್ಲದಿರುವುದು ಎಂದರೇನು? ಪುಸ್ತಕಕ್ಕೆ ಬೇಕಾದಷ್ಟು ಪುಟ ಸೇರಿಸಬಹುದು. ಅವರಿಗದು ಗೊತ್ತು, ಅವಳಿಗೂ ಗೊತ್ತು, ಮೂಲೆಯಲ್ಲಿ ಸೂಜಿ ಹಿಡಿದ ಅಮ್ಮನಿಗೂ ಗೊತ್ತು. ದೊಡ್ಡವರು ಅವಳ ಮುಖವನ್ನು ನೋಡಿದರು. ಇದು ಯಾವ 'ಜಾಗ ಇಲ್ಲ' ಎಂದು ಓದಿಕೊಳ್ಳುವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನೋಡಿದರು. ನಾನು ಅವಳ ಬೆನ್ನ ಹಿಂದೆ ಅವಿತುಕೊಂಡಿದ್ದೆ.

"ಹಾಗೋ" ಎಂದರು ದೊಡ್ಡವರು. "ಜಾಗ ಇಲ್ವೋ."

ಪೆನ್ಸಿಲ್ ತೆಗೆದುಕೊಂಡರು. ಆಸ್ಪತ್ರೆಯ ಲೇಖನವನ್ನು ಎದುರಿಗೆ ಎಳೆದುಕೊಂಡು ಕೆಳಗಿನಿಂದ ಶುರು ಮಾಡಿದರು. ಬದುಕು ಹೋಯಿತು, ಸಾವು ಹೋಯಿತು. ಪಯಣಿಗರು ಹೋದರು. 'ಆಹಾ'ದ ಮೇಲೆ ಅಡ್ಡಗೀಟು ಎಳೆಯುವಾಗ ಅವರ ಮೂಗಿನಿಂದ ಸಣ್ಣ ಸದ್ದು ಬಂತು, ಅದು ನಗೆಯೋ ಏನೋ. ಕೈ ನಡುಗುತ್ತಿರಲಿಲ್ಲ. ಇಲಿ ಆ ಕೈಯನ್ನೇ ನೋಡಿದಳು. ಇದು ಕಾದಂಬರಿ ಬರೆದ ಕೈಯಲ್ಲ, ಅದಕ್ಕಿಂತ ಹಿಂದಿನದು, ಬಾಗಿಲಲ್ಲಿ ಕಾದವರ ಬೆರಳುಗಳನ್ನು ನೋಡಿ ಬರೆಯುತ್ತಿದ್ದ ಕೈ ಎಂದು ಅವಳಿಗೆ ತಿಳಿಯಿತು. ಅವಳಿಗೆ ಕೈಮುಗಿಯಬೇಕು ಅನ್ನಿಸಿತು.

ಹಳೆಯ ಅಚ್ಚಿನ ಸಾಲುಗಳು ಬಂದವು. ಪೆನ್ಸಿಲ್ ನಿಲ್ಲಲಿಲ್ಲ.

"ಸರ್! ಅದು ಬೇಡ ಸರ್, ಅದು ಆಗ್ಲೇ ಅಚ್ಚಾಗಿರೋದು, ಅದು..."

'ಇಬ್ಬರು ಎದ್ದು ನಿಂತರು' ಎಂಬುದರ ಮೇಲೆ ಗೀಟು ಬಿತ್ತು. ಇಲಿ ಎರಡು ಪುಟ ಬರೆದಿದ್ದ ವಾಕ್ಯ. "ಪುಟ ಕಟ್ಟುವವನು ಅವತ್ತು ಅವಸರದಲ್ಲಿದ್ದ. ಇನ್ನೊಂದು ಸಾಲು ಕತ್ತರಿಸೋದು ಬಿಟ್ಟುಬಿಟ್ಟ. ಈಗ ಓದು, ಗಟ್ಟಿಯಾಗಿ" ಎಂದು ಹಾಳೆಯನ್ನು ಅವಳ ಕಡೆ ತಿರುಗಿಸಿದರು.

ಇಲಿ ಎದುರಿನ ಕುರ್ಚಿಯಲ್ಲಿ ಕೂತು ಓದಿದಳು. ಬೆಂಚು, ಕಾಯುವ ಜನ, ಬೆಚ್ಚಗಿಟ್ಟ ಜಾಗ, ಮುಚ್ಚಿದ ಬಾಗಿಲು. 'ಒಳಗಿನಿಂದ ಒಂದು ಹೆಸರು ಕೇಳಿಸಿತು.'

ಅಷ್ಟೇ. ಮುಂದೆ ಬಿಳಿ ಕಾಗದ.

ಯಾರ ಹೆಸರು? ಇಲಿ, ತನಗೇ ಅರಿವಾಗುವ ಮೊದಲೇ, ಎದ್ದು ನಿಂತಿದ್ದಳು. ಮೂಲೆಯಲ್ಲಿ ಅಮ್ಮನೂ ಎದ್ದು ನಿಂತಿದ್ದರು, ಮಡಿಲಿನ ಅಂಗಿ ನೆಲಕ್ಕೆ ಜಾರಿತ್ತು.

(ಇದು ನಾನು ಹೊಂದಿಸಿಟ್ಟ ಸನ್ನಿವೇಶ ಎಂದು ಜಾಣ ಓದುಗರು ಹೇಳಬಹುದು. ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಅಮ್ಮ ಗುಂಡಿ ಹೊಲಿಯಲಿ ಎಂದು ಅಲ್ಲಿ ಕೂರಿಸಿದ್ದೆ, ಎದ್ದದ್ದು ಅವರೇ.)

ದೊಡ್ಡವರು ಇಬ್ಬರನ್ನೂ ನೋಡಿದರು. ದರ್ಜಿಯನ್ನು ಎಳೆದುಕೊಂಡು ಭರವಸೆಯ ಸಂಕೇತವನ್ನು ಹೊಡೆದರು. ದೀಪದವನನ್ನು ಎಳೆದುಕೊಂಡು ಜ್ಞಾನಜ್ಯೋತಿಯನ್ನು ಆರಿಸಿದರು. ಎಲ್ಲ ಹಾಳೆಗಳೂ ಆದವು. ಪೆನ್ಸಿಲ್ ಕೆಳಗಿಟ್ಟು ಬೆರಳು ಮುರಿದುಕೊಂಡರು. ಇಲಿ ಹಾಳೆಗಳ ಜೊತೆ ತಂದಿಟ್ಟಿದ್ದ ಒಪ್ಪಿಗೆ ಪತ್ರ ಮೇಜಿನ ತುದಿಯಲ್ಲೇ ಇತ್ತು, ಅದರ ಕಡೆ ನೋಡಲಿಲ್ಲ. ಅವರ ಕಣ್ಣು ಗೋಡೆಯ ಕ್ಯಾಲೆಂಡರಿನ ಕಡೆ ಹೊರಟಿತು. ಅಮ್ಮ ಅದನ್ನು ಕಂಡು ಸೆರಗಿನ ತುದಿ ಹಿಡಿದುಕೊಂಡರು.

೯

ಇಲ್ಲಿಂದ ಮುಂದೆ ನಾನು ಬರೆದದ್ದು ಬಹಳವಿತ್ತು. ಈಗ ನನ್ನ ಕೈಯಲ್ಲೂ ಒಂದು ಪೆನ್ಸಿಲ್ ಇದೆ, ಕೆಳಗಿನಿಂದ ಬರುತ್ತಿದ್ದೇನೆ.

ಪುಸ್ತಕ ಬಿಡುಗಡೆಯ ಸಮಾರಂಭ, ಯಜಮಾನರ ಭಾಷಣ: ಹೊಡೆದು ಹಾಕಿದೆ.

ಮುನ್ನುಡಿಯ ಜಾಗದಲ್ಲಿ ಇಲಿ ಏನು ಬರೆದಳು ಎಂಬುದು: ಹೊಡೆದು ಹಾಕಿದೆ. (ಬಹಳ ಚೆನ್ನಾಗಿತ್ತು. ಸಂಕಟವಾಯಿತು.)

ದೊಡ್ಡವರು ಸಹಿ ಹಾಕಿದರೇ ಇಲ್ಲವೇ: ಹೊಡೆದೆ.

ಅವರು ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು ಮೇಲಿನಿಂದ ಏನು ಬರೆಯತೊಡಗಿದರು, ಅಮ್ಮ ಊಟಕ್ಕೆ ಕರೆದಾಗ ರೇಗಿದರೇ: ಅದನ್ನೂ ಹೊಡೆದೆ. ಇಲಿ ನನ್ನ ಪಕ್ಕದಲ್ಲೇ ನಿಂತು ನೋಡುತ್ತಿದ್ದಾಳೆ. ಸಾಕೇ ಎಂದು ಕೇಳಿದೆ. ಇನ್ನೂ ಸ್ವಲ್ಪ ಮೇಲಕ್ಕೆ ಎಂದು ಸನ್ನೆ ಮಾಡಿದಳು.

ಉಳಿದದ್ದು ಇಷ್ಟು.

ಕ್ಯಾಲೆಂಡರಿನ ಕಡೆ ಹೊರಟ ಅವರ ಕಣ್ಣು ಅರ್ಧ ದಾರಿಯಿಂದ ತಿರುಗಿ ಬಂತು. ಕತ್ತರಿಸಿದ ಹಾಳೆಗಳ ಕಟ್ಟನ್ನು ತಟ್ಟಿ ಅಂಚು ಸರಿಮಾಡಿದರು. ಆಮೇಲೆ, ಸಂಜೆಯ ಹೊತ್ತು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದವರನ್ನು ಕೇಳುತ್ತಿದ್ದ ಹಾಗೆಯೇ ಇರಬೇಕು, ತಲೆಯೆತ್ತದೆ ಕೇಳಿದರು:

"ಇಷ್ಟೆಲ್ಲ ತೆಗೆದ್ಮೇಲೆ ಈಗ ಎಷ್ಟು ಜಾಗ ಉಳೀತಮ್ಮ?"

ಜಾಗವೇ ಇಲ್ಲವೆಂದು ಈಗ ತಾನೇ ಹೇಳಿದ್ದವಳು ಇಲಿ. ಬಲಗೈ ಎತ್ತಿ ಹೆಬ್ಬೆರಳು, ತೋರುಬೆರಳು ಬಿಡಿಸಿದಳು. ಇನ್ನಷ್ಟು ಬಿಡಿಸಿದಳು, ಬೆರಳು ನೋಯುವಷ್ಟು. ಸಾಲದು ಅನ್ನಿಸಿತು. ಎಡಗೈಯನ್ನೂ ಎತ್ತಿದಳು.